ಕೊಡಚಾದ್ರಿ ಹತ್ತಿದ ಕೈಗೆ ಮೌನಾ ಕೇಯಾ ದಾರಿ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವವರು ಈಗ ಹವಾಯಿಗೂ ಹೋಗಿಬರುವುದುಂಟು. ಅಲ್ಲಿನ ದೊಡ್ಡ ದ್ವೀಪದಲ್ಲಿ 4,207 ಮೀಟರ್ ಎತ್ತರದ ಮೌನಾ ಕೇಯಾ ಎಂಬ ಜ್ವಾಲಾಮುಖಿ ಇದೆ. ಅದರ ನೆತ್ತಿಯವರೆಗೂ ಗಾಡಿ ಹೋಗುವ ದಾರಿ ಇದೆ. ಈ ಮಾತು ಬಂದಾಗಲೆಲ್ಲ ನಮ್ಮ ಕಡೆ ಯಾರಾದರೊಬ್ಬರು "ಕೊಡಚಾದ್ರಿ ಜೀಪ್ ರೋಡಲ್ಲಿ ಗಾಡಿ ಹೊಡೆದವರಿಗೆ ಅದೆಂಥ ಮಹಾ ಮಾರಾಯ್ರೆ" ಅನ್ನುತ್ತಾರೆ.

ಆ ಮಾತು ಅರ್ಧ ನಿಜ. ಬರೀ ರಸ್ತೆಯನ್ನಷ್ಟೇ ನೋಡಿದರೆ ಕಟ್ಟಿನಹೊಳೆ ಕಡೆಯಿಂದ ಕೊಡಚಾದ್ರಿಗೆ ಹತ್ತುವ ದಾರಿಯೇ ಹೆಚ್ಚು ಕಷ್ಟದ್ದು. ಮೊಳಕಾಲುದ್ದದ ಕೊರಕಲು, ನೀರು ಹರಿದು ನುಣುಪಾದ ಕಲ್ಲು, ಎದುರು ಜೀಪ್ ಬಂದರೆ ಹಿಂದೆ ಸರಿದು ಧರೆಗೆ ಒತ್ತಿ ನಿಲ್ಲಬೇಕಾದ ಇಕ್ಕಟ್ಟು, ಇದ್ಯಾವುದೂ ಮೌನಾ ಕೇಯಾದಲ್ಲಿಲ್ಲ. ಅಲ್ಲಿನ ಜಲ್ಲಿ ರಸ್ತೆಯಲ್ಲಿ ಎರಡು ಗಾಡಿ ಆರಾಮಾಗಿ ಪಾಸಾಗುತ್ತವೆ. ಆದರೆ ಕೊಡಚಾದ್ರಿಯ ಎತ್ತರ 1,343 ಮೀಟರ್. ಕರ್ನಾಟಕದಲ್ಲೇ ಎತ್ತರವಾದ ಮುಳ್ಳಯ್ಯನಗಿರಿ ಕೂಡ 2,000 ಮೀಟರ್ ಮುಟ್ಟುವುದಿಲ್ಲ. ತೆಳು ಗಾಳಿಯಲ್ಲಿ ಎಂಜಿನ್, ಬ್ರೇಕು ಮತ್ತು ಚಾಲಕನ ತಲೆ ಏನಾಗುತ್ತವೆ ಎಂಬುದನ್ನು ಕಲಿಸುವ ಬೆಟ್ಟ ನಮ್ಮಲ್ಲಿಲ್ಲ. ಇಳಿಸುವ ವಿದ್ಯೆ ಮಾತ್ರ ನಮ್ಮ ಜೀಪಿನವರಿಗೆ ಚೆನ್ನಾಗಿ ಗೊತ್ತು, ಅಲ್ಲಿಗೂ ಅದೇ ಬೇಕು.

ಮೊದಲು ದಾರಿಯ ಲೆಕ್ಕ. ಹಿಲೋ ಪಟ್ಟಣ ಸಮುದ್ರದ ದಡದಲ್ಲಿದೆ. ಅಲ್ಲಿಂದ ದ್ವೀಪವನ್ನು ಅಡ್ಡ ಹಾಯುವ ಸ್ಯಾಡಲ್ ರೋಡ್, ಈಗಿನ ಹೆಸರಲ್ಲಿ ಡೇನಿಯಲ್ ಕೆ. ಇನೋಯೆ ಹೆದ್ದಾರಿ, ಹಿಡಿದು ಸುಮಾರು 45 ಕಿ.ಮೀ. ಬಂದರೆ ಬಲಕ್ಕೆ ಬೆಟ್ಟದ ರಸ್ತೆ ಸಿಗುತ್ತದೆ. ಆ ಕೂಡುರಸ್ತೆಯೇ ಸುಮಾರು 2,000 ಮೀಟರ್ ಎತ್ತರದಲ್ಲಿದೆ, ಅಂದರೆ ಬೆಟ್ಟ ಶುರುವಾಗುವ ಮೊದಲೇ ಮುಳ್ಳಯ್ಯನಗಿರಿಯ ಎತ್ತರ ದಾಟಿರುತ್ತದೆ. ಅಲ್ಲಿಂದ ಸುಮಾರು 10 ಕಿ.ಮೀ. ಟಾರು ರಸ್ತೆ. ಅದು ಮುಗಿಯುವುದು 2,800 ಮೀಟರ್ ಎತ್ತರದ ಪ್ರವಾಸಿ ಮಾಹಿತಿ ಕೇಂದ್ರದಲ್ಲಿ. ಸಾಮಾನ್ಯ ಕಾರು ಇಲ್ಲಿಯವರೆಗೆ ಮಾತ್ರ. ಮುಂದಿನ 13 ಕಿ.ಮೀ.ಯಲ್ಲಿ ಮೊದಲ ಏಳೆಂಟು ಕಿ.ಮೀ. ಜಲ್ಲಿ, ಆಮೇಲೆ ತುದಿಯವರೆಗೆ ಮತ್ತೆ ಟಾರು. ಮೇಲೆ ದೊಡ್ಡ ದೂರದರ್ಶಕಗಳಿವೆ. ಗಾಡಿ ಎಬ್ಬಿಸುವ ದೂಳು ಅವುಗಳ ಕನ್ನಡಿಗೆ ಬೀಳಬಾರದೆಂದು ಮೇಲಿನ ಭಾಗಕ್ಕೆ ಟಾರು ಹಾಕಿದ್ದಾರೆ.

13 ಕಿ.ಮೀ.ಯಲ್ಲಿ 1,400 ಮೀಟರ್ ಏರಬೇಕು. ಸರಾಸರಿ ತೆಗೆದರೆ ನೂರು ಮೀಟರಿಗೆ ಹನ್ನೊಂದು ಮೀಟರ್ ಏರು, ಕೆಲವು ಕಡೆ 15ಕ್ಕೂ ಮೇಲೆ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವು ಇದ್ದರೂ ಊರಿರುವುದು ಸುಮಾರು 650 ಮೀಟರ್ ಎತ್ತರದಲ್ಲಿ. ಹಿಲೋದಿಂದ ಹೊರಟವರು ಎರಡು ಗಂಟೆಯೊಳಗೆ ಅಂಥ ಆರು ಆಗುಂಬೆ ಹತ್ತಿದಷ್ಟು ಮೇಲಿರುತ್ತಾರೆ.

ಮೇಲಿನ ಗಾಳಿಯ ಒತ್ತಡ ಸಮುದ್ರ ಮಟ್ಟದ ಶೇಕಡಾ 60ರಷ್ಟು. ಕೊಡಚಾದ್ರಿ ತುದಿಯಲ್ಲಿ ಅದು ಸುಮಾರು 85. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಎಂಜಿನ್ ಪ್ರತಿ 300 ಮೀಟರ್ ಏರಿದಾಗ ಸುಮಾರು ಶೇಕಡಾ 3ರಷ್ಟು ಬಲ ಕಳೆದುಕೊಳ್ಳುತ್ತದೆ. ಹಾಗಾಗಿ ಕೊಡಚಾದ್ರಿಯಲ್ಲಿ 13ರ ಹತ್ತಿರ ಹೋದರೆ ಮೌನಾ ಕೇಯಾದಲ್ಲಿ ಹೋಗುವುದು 40. ಹಳೇ ಕಾರ್ಬ್ಯುರೇಟರ್ ಗಾಡಿಯಾದರೆ ಗಾಳಿ ಕಡಿಮೆಯಾಗಿ ಪೆಟ್ರೋಲ್ ಹೆಚ್ಚಾಗಿ ಕಪ್ಪು ಹೊಗೆ ಕಕ್ಕುತ್ತಿತ್ತು. ಈಗಿನ ಇಂಜೆಕ್ಷನ್ ಗಾಡಿ ಪೆಟ್ರೋಲನ್ನು ತಾನೇ ಕಡಿಮೆ ಮಾಡಿಕೊಳ್ಳುವುದರಿಂದ ಹೊಗೆ ಇಲ್ಲ, ಆದರೆ ಬಲವೂ ಇಲ್ಲ. ಆಕ್ಸಿಲರೇಟರ್ ಒತ್ತಿದರೂ ಗಾಡಿ ಎಳೆಯುವುದಿಲ್ಲ. ಎಂಜಿನ್ ಕೆಟ್ಟಿತೆಂದು ಹೆದರಿ ಇನ್ನಷ್ಟು ಒತ್ತುವುದರಿಂದ ಏನೂ ಆಗುವುದಿಲ್ಲ. ಗೇರ್ ಇಳಿಸಬೇಕು. ಎಂಜಿನ್ ಗೊರಗೊರ ಅನ್ನುವ ಹಾಗೆ ದಮ್ಮು ಕಟ್ಟಿಸಿ ಹತ್ತಿಸುವುದಕ್ಕಿಂತ ಸಣ್ಣ ಗೇರಿನಲ್ಲಿ 2,500ರಿಂದ 3,000 ಆರ್‌ಪಿಎಂ ಇಟ್ಟು ಹತ್ತಿಸುವುದು ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಒಳ್ಳೆಯದು.

ನೀರು ಕುದಿಯುವ ಬಿಸಿಯೂ ಬದಲಾಗುತ್ತದೆ. ಆ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 86 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರ್ ಮುಚ್ಚಿದ ವ್ಯವಸ್ಥೆಯಾದ್ದರಿಂದ ಅಷ್ಟು ಕೆಳಗೆ ಬರುವುದಿಲ್ಲ. ಕ್ಯಾಪಿನ ಸ್ಪ್ರಿಂಗು ಒಳಗೆ ಒತ್ತಡ ಹಿಡಿದಿಡುತ್ತದೆ. ಆದರೆ ಆ ಒತ್ತಡ ಹೊರಗಿನ ಗಾಳಿಯ ಮೇಲೆ ಸೇರುವಂಥದ್ದು. ಹೊರಗಿನದೇ ಇಳಿದಾಗ ಒಳಗಿನ ಒಟ್ಟು ಒತ್ತಡವೂ ಇಳಿಯುತ್ತದೆ, ಕುದಿಯುವ ಮಟ್ಟ ಐದಾರು ಡಿಗ್ರಿ ಕೆಳಗೆ ಬರುತ್ತದೆ. ಸಣ್ಣ ಗೇರು, ಹೆಚ್ಚು ಆರ್‌ಪಿಎಂ, ನಿಧಾನ ವೇಗ, ರೇಡಿಯೇಟರ್‌ಗೆ ತಾಗುವ ತೆಳು ಗಾಳಿ ಇವೆಲ್ಲ ಸೇರಿದರೆ ಟೆಂಪರೇಚರ್ ಮುಳ್ಳು ಏರತೊಡಗುತ್ತದೆ. ಏರಿದರೆ ಏಸಿ ಬಂದ್ ಮಾಡಿ, ಹೀಟರನ್ನು ಪೂರ್ತಿ ಬಿಸಿಗಿಟ್ಟು ಫ್ಯಾನ್ ಜೋರು ಮಾಡಿ. ಹೀಟರ್ ಕೂಡ ಒಂದು ಸಣ್ಣ ರೇಡಿಯೇಟರ್ರೇ. ಆದರೂ ಇಳಿಯದಿದ್ದರೆ ಅಗಲ ಇರುವ ಕಡೆ ನಿಲ್ಲಿಸಿ, ಎಂಜಿನ್ ಐಡಲ್‌ನಲ್ಲಿ ಓಡಲು ಬಿಡಿ. ಕ್ಯಾಪ್ ಬಿಚ್ಚುವುದಂತೂ ಬೇಡವೇ ಬೇಡ.

ಟಯರ್ ಗಾಳಿಯ ಬಗ್ಗೆ ಕೇಳುವವರು ಬಹಳ. ಹೊರಗಿನ ಒತ್ತಡ 14.7 ಪಿಎಸ್‌ಐಯಿಂದ 8.9ಕ್ಕೆ ಇಳಿಯುವುದರಿಂದ ಟಯರ್ ಉಬ್ಬಿ ಗೇಜಿನಲ್ಲಿ ಸುಮಾರು 6 ಪಿಎಸ್‌ಐ ಹೆಚ್ಚು ತೋರಿಸಬೇಕು. ಆದರೆ ಹಿಲೋದಲ್ಲಿ 30 ಡಿಗ್ರಿ ಇದ್ದದ್ದು ಮೇಲೆ ಸೊನ್ನೆಯ ಹತ್ತಿರ ಬಂದಿರುತ್ತದೆ. ಆ ಚಳಿಗೆ ಒಳಗಿನ ಗಾಳಿ ಕುಗ್ಗಿ ನಾಲ್ಕೈದು ಪಿಎಸ್‌ಐ ಇಳಿಯುತ್ತದೆ. ಕೆಳಗೆ 32 ಹಾಕಿದ ಟಯರ್ ತಣ್ಣಗೆ ನಿಂತ ಮೇಲೆ 33ರ ಆಸುಪಾಸಿನಲ್ಲೇ ಇರುತ್ತದೆ. ಹಾಗಾಗಿ ಕಂಪನಿ ಹೇಳಿದಷ್ಟು ಗಾಳಿ ಹಾಕಿ ಸುಮ್ಮನಿರುವುದು ಸರಿ. ಗಾಳಿ ಇಳಿಸಿ ಹತ್ತುವ ಅಭ್ಯಾಸ ಆಳದ ಮರಳಿಗೂ ಕೆಸರಿಗೂ ಸರಿ, ಏಳೆಂಟು ಕಿ.ಮೀ. ಗಟ್ಟಿ ಜಲ್ಲಿಗೆ ಬೇಕಿಲ್ಲ. ಮತ್ತೆ ಗಾಳಿ ತುಂಬಲು ಬೆಟ್ಟದ ಮೇಲೆ ಅಂಗಡಿಯೂ ಇಲ್ಲ. ಸ್ಟೆಪ್ನಿ, ಜ್ಯಾಕು, ವೀಲ್ ಸ್ಪಾನರ್ ಡಿಕ್ಕಿಯಲ್ಲಿ ಇವೆಯೇ ಎಂದು ಬಾಡಿಗೆ ಗಾಡಿ ತೆಗೆದುಕೊಳ್ಳುವಾಗಲೇ ನೋಡಿಕೊಳ್ಳಿ.

ಪೆಟ್ರೋಲ್ ಬಂಕ್ ಕೂಡ ಬೆಟ್ಟದ ಮೇಲಿಲ್ಲ, ಸ್ಯಾಡಲ್ ರೋಡಿನಲ್ಲೂ ಇಲ್ಲ. ಹಿಲೋದಲ್ಲೇ ಟ್ಯಾಂಕ್ ತುಂಬಿಸಿಕೊಂಡು ಹೊರಡಬೇಕು. ಸಣ್ಣ ಗೇರಿನಲ್ಲಿ ಪೆಟ್ರೋಲ್ ಚೆನ್ನಾಗಿಯೇ ಕುಡಿಯುತ್ತದೆ.

ನಮ್ಮ ಕಡೆ ಕಾಲಿಗೆ ಸಿಗುವುದು ಕೆಮ್ಮಣ್ಣು, ಜಂಬಿಟ್ಟಿಗೆ ಕಲ್ಲು, ಹಾಸುಗಲ್ಲು. ಮಳೆ ಬಿದ್ದರೆ ಜಾರು, ಒಣಗಿದರೆ ಗಟ್ಟಿ. ಚಕ್ರ ಎಲ್ಲಿಡಬೇಕು ಎಂಬ ನಮ್ಮ ಲೆಕ್ಕವೆಲ್ಲ ಕೊರಕಲಿನದು: ಕೊರಕಲಿನ ಒಳಗೆ ಇಳಿಸದೆ ಎರಡು ದಿಂಡಿನ ಮೇಲೆ ಎರಡೂ ಬದಿಯ ಚಕ್ರ ಓಡಿಸು, ಅಚ್ಚಿನ ನಡುವೆ ಕೆಳಗೆ ಚಾಚಿರುವ ಡಿಫರೆನ್ಷಿಯಲ್ ಗುಂಡು ಕಲ್ಲಿಗೆ ತಾಗದಂತೆ ನೋಡು. ಅಲ್ಲಿ ಇರುವುದು ಜ್ವಾಲಾಮುಖಿಯ ಬಾಯಿಂದ ಚಿಮ್ಮಿ ಬಿದ್ದು ಆರಿದ ಕಿಟ್ಟ. ಕುಲುಮೆಯ ಕಿಟ್ಟದ ಹಾಗೆಯೇ ತೂತುತೂತು, ಹಗುರ, ಅಂಚು ಹರಿತ. ನೀರು ಅದರ ಮೇಲೆ ನಿಲ್ಲದೆ ಇಂಗಿಹೋಗುತ್ತದೆ. ಅದರಿಂದ ಕೆಸರಿಲ್ಲ, ಆದರೆ ಒಂದಕ್ಕೊಂದು ಕಚ್ಚಿಕೊಳ್ಳದ ಸಡಿಲ ಜಲ್ಲಿ. ಅದರ ಮೇಲೆ ಗಟ್ಟಿ ಬ್ರೇಕ್ ಹಿಡಿದರೆ ಗಾಡಿ ನಿಲ್ಲದೆ ಉರುಳುಗಲ್ಲಿನ ಮೇಲೆ ಜಾರುತ್ತದೆ. ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇದ್ದರೆ ನಿಲ್ಲುವ ದೂರ ಇನ್ನೂ ಹೆಚ್ಚಾಗಬಹುದು. ಲಾಕ್ ಆದ ಚಕ್ರದ ಮುಂದೆ ಜಲ್ಲಿ ಗುಡ್ಡೆಯಾಗಿ ತಡೆ ಕೊಡುತ್ತದೆ. ಎಬಿಎಸ್ ಚಕ್ರವನ್ನು ಮತ್ತೆ ಮತ್ತೆ ಬಿಡಿಸಿ ಆ ಗುಡ್ಡೆ ಕಟ್ಟಲು ಬಿಡುವುದಿಲ್ಲ. ಸ್ಟೀರಿಂಗ್ ಕೈಯಲ್ಲಿ ಉಳಿಯುವುದೊಂದು ಲಾಭ.

ಇನ್ನೊಂದು, ಮಾಡಿನ ಸಿಮೆಂಟ್ ಶೀಟಿನ ಹಾಗೆ ಅಡ್ಡಡ್ಡ ಏಣು ಬಿದ್ದ ರಸ್ತೆ. ನಮ್ಮ ಮಳೆಗೆ ಇದು ಹೆಚ್ಚು ಕಾಣಸಿಗುವುದಿಲ್ಲ. ಒಣ ಸಡಿಲ ಜಲ್ಲಿಯ ಮೇಲೆ ಗಾಡಿ ವೇಗವಾಗಿ ಹೋದಾಗ ಚಕ್ರ ಸಣ್ಣ ಉಬ್ಬೊಂದಕ್ಕೆ ಹಾರಿ ಮುಂದೆ ಬಿದ್ದು ಅಲ್ಲಿ ತಗ್ಗು ಮಾಡುತ್ತದೆ, ಮುಂದಿನ ಗಾಡಿ ಅದೇ ಜಾಗದಲ್ಲಿ ಹಾರುತ್ತದೆ. ಹೀಗೇ ಏಣಿನ ಸಾಲು ಬೆಳೆಯುತ್ತದೆ. ಏರುವಾಗ ಆಕ್ಸಿಲರೇಟರ್ ತುಳಿದವರ ಚಕ್ರ ಅದನ್ನು ಇನ್ನೂ ಕೆರೆಯುತ್ತದೆ. ವೇಗವಾಗಿ ಹೋದರೆ ಏಣಿನ ತುದಿಯಿಂದ ತುದಿಗೆ ತೇಲಿ ನಡುಕ ಕಡಿಮೆಯಾಗುತ್ತದೆ ಎಂದು ಹೇಳುವವರಿದ್ದಾರೆ. ನಡುಕ ಕಡಿಮೆಯಾಗುವುದು ನಿಜ. ಆದರೆ ತೇಲುವ ಚಕ್ರಕ್ಕೆ ನೆಲದ ಹಿಡಿತ ಇರುವುದಿಲ್ಲ, ತಿರುವಿನಲ್ಲಿ ಹಿಂಬದಿ ಹೊರಗೆ ಎಸೆಯುತ್ತದೆ. ಏರುವಾಗ ಗಂಟೆಗೆ 25–30 ಕಿ.ಮೀ., ಇಳಿಯುವಾಗ 15–25. ಅದಕ್ಕಿಂತ ಹೆಚ್ಚು ನನ್ನ ಲೆಕ್ಕದಲ್ಲಿ ಬೇಡ. ಫೋರ್ ವೀಲ್ ಹಾಕಿ ಹತ್ತಿದರೆ ಬಲ ನಾಲ್ಕೂ ಚಕ್ರಕ್ಕೆ ಹಂಚಿಹೋಗಿ ಕೆರೆತ ಕಡಿಮೆ. ರಸ್ತೆಗೂ ಅದು ಉಪಕಾರ. ಮುಂದಿನ ಗಾಡಿಯ ದೂಳು ಆರುವಷ್ಟು ಅಂತರ ಬಿಡಿ. ಬಲಬದಿಯಲ್ಲಿ ಓಡಿಸುವ ದೇಶವಾದ್ದರಿಂದ ದೂಳಿನಲ್ಲಿ ಗಾಬರಿಯಾದಾಗ ಕೈ ತಾನಾಗಿ ಎಡಕ್ಕೆಳೆಯುತ್ತದೆ, ಅದೂ ಜ್ಞಾಪಕದಲ್ಲಿರಲಿ.

ಫೋರ್ ವೀಲ್ ಅಂದರೆ ಅಲ್ಲಿ ಗಾಡಿಯನ್ನು ಇನ್ನೂ ನಿಧಾನ ಮಾಡುವ ಬೇರೆ ಲೋ ಗೇರ್ ಇರುವ ಫೋರ್ ವೀಲೇ ಆಗಬೇಕು. ಮಾಹಿತಿ ಕೇಂದ್ರದ ಬಳಿ ರೇಂಜರ್‌ಗಳು ಗಾಡಿ ನಿಲ್ಲಿಸಿ ಇದನ್ನೇ ನೋಡುತ್ತಾರೆ. ನಾಲ್ಕೂ ಚಕ್ರಕ್ಕೆ ಬಲ ಹೋಗುತ್ತದೆ ಆದರೆ ಲೋ ಇಲ್ಲ ಎಂಬ ಎಸ್‌ಯುವಿಗಳನ್ನು ವಾಪಸ್ ಕಳಿಸುತ್ತಾರೆ. ಹತ್ತುವ ಶಕ್ತಿ ಅವಕ್ಕೂ ಇದೆ, ಗೇರಿನ ಮೇಲೇ ಇಳಿಯುವ ಶಕ್ತಿ ಇಲ್ಲ. ರ‍್ಯಾಂಗ್ಲರ್ ಜೀಪಿನ ಸಾಮಾನ್ಯ ಲೋ ಅನುಪಾತ 2.72, ರೂಬಿಕಾನ್ ಮಾದರಿಯದು 4. ನಮ್ಮ ಮಾರುತಿ ಜಿಮ್ನಿಯದು 2. ಅಂದರೆ ಲೋ ಹಾಕಿದಾಗ ಅದೇ ಗೇರಿನಲ್ಲಿ, ಅದೇ ಆರ್‌ಪಿಎಂನಲ್ಲಿ ಗಾಡಿ ಅಷ್ಟು ಪಟ್ಟು ನಿಧಾನ. ಎಂಜಿನ್ ಹಿಡಿಯುವ ಹಿಡಿತ ಅಷ್ಟು ಪಟ್ಟು ಹೆಚ್ಚು.

ಲೋ ಹಾಕುವುದು ಏರಿನ ನಡುವೆ ಆಗುವ ಕೆಲಸವಲ್ಲ. ಸಮತಟ್ಟಿನಲ್ಲಿ ಪೂರ್ತಿ ನಿಲ್ಲಿಸಿ, ಆಟೊಮ್ಯಾಟಿಕ್ ಆದರೆ ನ್ಯೂಟ್ರಲ್‌ಗೆ ತಂದು, ಮ್ಯಾನುಯಲ್ ಆದರೆ ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿ, ಕಾಲು ಬ್ರೇಕಿನ ಮೇಲಿಟ್ಟುಕೊಂಡೇ ಫೋರ್ ವೀಲ್ ಲೋ ಅಂದರೆ 4ಎಲ್‌ಗೆ ಎಳೆಯಬೇಕು. ಹಲ್ಲು ಕೂರದೆ ಗರಗರ ಅಂದರೆ ಬಲ ಹಾಕಬೇಡಿ. ಗಾಡಿಯನ್ನು ಒಂದಡಿ ಮುಂದೆ ಹೋಗಲು ಬಿಟ್ಟು ಮತ್ತೆ ಪ್ರಯತ್ನಿಸಿದರೆ ಕೂರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ 4ಎಲ್ ದೀಪ ಮಿಣುಕದೆ ನಿಂತ ಮೇಲೆಯೇ ಹೊರಡಿ. ಮಿಣುಕುತ್ತಿದ್ದರೆ, ಬಲವನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಇನ್ನೂ ನಡುವೆ ನ್ಯೂಟ್ರಲ್‌ನಲ್ಲಿರಬಹುದು, ಹಾಗಿದ್ದಾಗ ಗಾಡಿ ಪಾರ್ಕ್‌ನಲ್ಲಿದ್ದರೂ ಉರುಳುತ್ತದೆ.

ಮೇಲಿನ ಟಾರಿನಲ್ಲಿ ಇನ್ನೊಂದು ಎಚ್ಚರ. ಮುಂದಿನ ಹಿಂದಿನ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ನಡುವಿನ ಡಿಫರೆನ್ಷಿಯಲ್ ಇಲ್ಲದ ಫೋರ್ ವೀಲ್ ಗಾಡಿಯನ್ನು ಒಣ ಗಟ್ಟಿ ರಸ್ತೆಯಲ್ಲಿ ತಿರುಗಿಸಿದರೆ ಮುಂದಿನ ಚಕ್ರ ಹೆಚ್ಚು ದೂರ ಓಡಬೇಕು, ಹಿಂದಿನದು ಕಡಿಮೆ. ಜಲ್ಲಿಯಲ್ಲಿ ಚಕ್ರ ಸ್ವಲ್ಪ ಜಾರಿ ಸರಿಹೊಂದುತ್ತದೆ, ಟಾರಿನಲ್ಲಿ ಜಾರದೆ ಶಾಫ್ಟು, ಗೇರು ಎಲ್ಲ ಬಿಗಿಯುತ್ತವೆ. ಸ್ಟೀರಿಂಗ್ ಗಡುಸಾಗಿ ಗಾಡಿ ಕುಪ್ಪಳಿಸಿದ ಹಾಗಾದರೆ ಅದೇ ಲಕ್ಷಣ. ಅಲ್ಲಿ ಟೂ ವೀಲ್‌ಗೆ ತಂದು ಒಂದನೇ ಗೇರಿನಲ್ಲಿ ಹೋಗಿ, ಜಲ್ಲಿ ಬರುವ ಮೊದಲೇ ನಿಲ್ಲಿಸಿ ಮತ್ತೆ ಲೋ ಹಾಕಿಕೊಳ್ಳಿ.

ಇಷ್ಟೆಲ್ಲ ಹತ್ತುವ ಮಾತಾಯಿತು. ಅನಾಹುತ ಆಗುವುದು ಇಳಿಯುವಾಗ.

ಎರಡು ಟನ್ನಿನ ಜೀಪು 1,400 ಮೀಟರ್ ಕೆಳಗಿಳಿಯುವಾಗ ಅಷ್ಟೂ ಶಕ್ತಿ ಬಿಸಿಯಾಗಿ ಎಲ್ಲಿಗಾದರೂ ಹೋಗಲೇಬೇಕು. ಲೆಕ್ಕ ಹಾಕಿದರೆ ಸುಮಾರು 27 ಮೆಗಾಜೌಲ್. ನಮ್ಮ ಬಚ್ಚಲಮನೆಯ ದೊಡ್ಡ ಹಂಡೆಯೊಂದರ 80 ಲೀಟರ್ ತಣ್ಣೀರನ್ನು ಕುದಿಸುವಷ್ಟು ಬಿಸಿ ಅದು. ನಾಲ್ಕು ಬ್ರೇಕ್ ಡಿಸ್ಕಿನ ಮೇಲೆ ಆ ಹಂಡೆ ಕೂರಿಸಿ ಅರ್ಧ ಗಂಟೆಯಲ್ಲಿ ಕಾಯಿಸಿದರೆ ಏನಾಗಬೇಕು? ಲೈನರ್ ಸುಟ್ಟ ವಾಸನೆ ಮೊದಲು ಬರುತ್ತದೆ. ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡಿನ ಅಂಟು ಬಿಸಿಗೆ ಅನಿಲ ಬಿಟ್ಟು ಡಿಸ್ಕಿಗೂ ಪ್ಯಾಡಿಗೂ ನಡುವೆ ತೆಳು ಪದರ ಕಟ್ಟುತ್ತದೆ. ಆಗ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಅದರಾಚೆ ಬಿಸಿ ಬ್ರೇಕ್ ಆಯಿಲ್ಲಿಗೆ ಮುಟ್ಟುತ್ತದೆ. ಹೊಸ ಡಾಟ್ 3 ದರ್ಜೆಯ ಆಯಿಲ್ ಕುದಿಯುವುದು ಕನಿಷ್ಠ 205 ಡಿಗ್ರಿಗೆ, ಡಾಟ್ 4 ಆದರೆ 230ಕ್ಕೆ. ತೇವ ಹೀರಿಕೊಂಡ ಹಳೇ ಆಯಿಲ್‌ಗೆ ಇದೇ ಅಳತೆ 140 ಮತ್ತು 155. ಆಯಿಲ್ ಕುದಿದು ಗುಳ್ಳೆ ಬಂದರೆ ಪೆಡಲ್ ಮೆತ್ತಗಾಗಿ ತಳಕ್ಕೆ ಹೋಗುತ್ತದೆ. ದ್ರವವನ್ನು ಒತ್ತಿದರೆ ಬಲ ಮುಂದೆ ಸಾಗುತ್ತದೆ, ಗುಳ್ಳೆಯನ್ನು ಒತ್ತಿದರೆ ಅದು ಕುಗ್ಗುತ್ತದೆ ಅಷ್ಟೆ. ಮಲೆನಾಡಿನಂಥ ತೇವದ ಊರಿನಲ್ಲಿ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಬೇಕು ಎನ್ನುವುದು ಇದೇ ಕಾರಣಕ್ಕೆ. ಹುಲಿಕಲ್ ಘಾಟಿ, ನಾಗೋಡಿ ಘಾಟಿ ದಿನಾ ಇಳಿಯುವವರು ಇದನ್ನು ಮುಂದಕ್ಕೆ ಹಾಕಬೇಡಿ.

ತೆಳು ಗಾಳಿ ಇಲ್ಲಿ ಮೂರು ಥರ ಕೈಕೊಡುತ್ತದೆ. ಒಂದು, ಡಿಸ್ಕನ್ನು ತಣಿಸುವ ಗಾಳಿಯೇ ಕಡಿಮೆ. ಎರಡು, ಬ್ರೇಕ್ ಬೂಸ್ಟರ್. ಒಂದು ಕಡೆ ನಿರ್ವಾತ, ಇನ್ನೊಂದು ಕಡೆ ಹೊರಗಿನ ಗಾಳಿ, ಆ ವ್ಯತ್ಯಾಸವೇ ನಮ್ಮ ಕಾಲಿಗೆ ಸಿಗುವ ಸಹಾಯ. ಹೊರಗಿನ ಒತ್ತಡ ಶೇಕಡಾ 60ಕ್ಕೆ ಇಳಿದರೆ ಸಹಾಯವೂ ಇಳಿದು ಪೆಡಲ್ ಗಡುಸಾಗುತ್ತದೆ. ಕೆಳಗೆ ಒತ್ತಿದ್ದಕ್ಕಿಂತ ಜೋರಾಗಿ ಒತ್ತಬೇಕು. ಮೂರನೆಯದು ಬಹಳ ಜನ ಯೋಚಿಸದ್ದು. ಪೆಟ್ರೋಲ್ ಎಂಜಿನ್ ಗಾಡಿಯನ್ನು ಹಿಡಿದಿಡುವುದು ಹೆಚ್ಚಾಗಿ ಮುಚ್ಚಿದ ಥ್ರಾಟಲಿನ (ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲಿನ) ಹಿಂದೆ ನಿರ್ವಾತ ಎಳೆಯುವ ಶ್ರಮದಿಂದ. ಹೊರಗಿನ ಒತ್ತಡವೇ ಕಡಿಮೆಯಾದಾಗ ಆ ಶ್ರಮವೂ ಕಡಿಮೆ, ಹಿಡಿತವೂ ಕಡಿಮೆ. ಆದ್ದರಿಂದ ಕೊಡಚಾದ್ರಿಯಲ್ಲಿ ಎರಡನೇ ಗೇರು ಸಾಕು ಅನ್ನಿಸುವ ಇಳುಕಲಿಗೆ ಅಲ್ಲಿ ಒಂದನೆಯದು.

ಅಭ್ಯಾಸ ಹೀಗಿರಲಿ: ಮೇಲಿನಿಂದ ಹೊರಡುವ ಮೊದಲೇ ಗೇರ್ ಆರಿಸಿಕೊಳ್ಳಿ. ಆಟೊಮ್ಯಾಟಿಕ್ ಗಾಡಿಯನ್ನು ಡಿ-ಯಲ್ಲಿ ಬಿಟ್ಟರೆ ಅದು ಇಳುಕಲಿನಲ್ಲಿ ತಾನೇ ಮೇಲಿನ ಗೇರಿಗೆ ಹೋಗಿಬಿಡುತ್ತದೆ. ಲಿವರನ್ನು ಎಲ್ ಅಥವಾ 1ಕ್ಕೆ, ಇಲ್ಲವೇ ಎಂ-ಗೆ ತಂದು ಒಂದನೇ ಗೇರಿನಲ್ಲಿ ಕಟ್ಟಿಹಾಕಬೇಕು. ಬ್ರೇಕಿನ ಮೇಲೆ ಕಾಲು ಇಟ್ಟೇ ಇಳಿಸುವುದು ಕೆಟ್ಟ ಚಾಳಿ. ವೇಗ 25 ದಾಟಿತೆಂದರೆ ಗಟ್ಟಿಯಾಗಿ ಒತ್ತಿ 15ಕ್ಕೆ ತಂದು ಕಾಲು ಪೂರ್ತಿ ತೆಗೆಯಿರಿ. ಮತ್ತೆ 25 ಆಗುವವರೆಗೆ ಡಿಸ್ಕು ಉಸಿರಾಡುತ್ತದೆ. ಸಡಿಲ ಜಲ್ಲಿಯಲ್ಲಿ ಆ ಒತ್ತುವುದನ್ನು ನೆಟ್ಟಗಿನ ದಾರಿಯಲ್ಲಿ ಮುಗಿಸಿ ತಿರುವಿಗೆ ಬನ್ನಿ. ನ್ಯೂಟ್ರಲ್‌ನಲ್ಲಿ ಉರುಳಲು ಬಿಡುವುದು, ಎಂಜಿನ್ ಆಫ್ ಮಾಡುವುದು ನಮ್ಮ ಕಡೆ ಡೀಸೆಲ್ ಉಳಿಸಲೆಂದು ಕೆಲವರು ಮಾಡುವ ಕೆಲಸ. ಅಲ್ಲೂ ಬೇಡ, ಇಲ್ಲೂ ಬೇಡ. ಬೂಸ್ಟರೂ ಪವರ್ ಸ್ಟೀರಿಂಗೂ ಎಂಜಿನ್ನಿನ ಜತೆಗೇ ಹೋಗುತ್ತವೆ.

ಈಗಿನ ಗಾಡಿಗಳಲ್ಲಿ ಇಳುಕಲು ಹಿಡಿಯುವ ಬಟನ್ ಇರುತ್ತದೆ, ಹಿಲ್ ಡಿಸೆಂಟ್ ಕಂಟ್ರೋಲ್. ಕಾಲು ತೆಗೆದರೂ ಗಾಡಿ ನಿಧಾನವಾಗಿ ಇಳಿಯುತ್ತದೆ, ಬಹಳ ಹಿತ. ಆದರೆ ಅದು ಹಿಡಿಯುವುದು ಎಬಿಎಸ್ ಮೂಲಕ ಬ್ರೇಕನ್ನೇ. ನೂರು ಮೀಟರ್ ಕಡಿದಾದ ಇಳುಕಲಿಗೆ ಅದು ಸರಿ. ಹತ್ತು ಕಿ.ಮೀ.ಗೂ ಮಿಕ್ಕಿದ ಇಳಿತಕ್ಕೆ ಅದನ್ನೇ ನಂಬಿದರೆ ಹಂಡೆ ಕಾಯುವುದು ಅದೇ ಡಿಸ್ಕಿನ ಮೇಲೆ.

ವಾಸನೆ ಬಂದ ಕೂಡಲೇ ಅಗಲ ನೋಡಿ ನಿಲ್ಲಿಸಿ, ಅರ್ಧ ಗಂಟೆ ಕಾಯಿರಿ. ನೀರು ಹೊಯ್ಯಬೇಡಿ, ಕಾದ ಡಿಸ್ಕು ಸೊಟ್ಟಗಾಗುತ್ತದೆ ಅಥವಾ ಸೀಳುತ್ತದೆ. ಪೆಡಲ್ ತಳಕ್ಕೆ ಹೋದರೆ ಬೇಗಬೇಗ ಎರಡು ಮೂರು ಸಲ ತುಳಿಯಿರಿ, ಕೆಲವೊಮ್ಮೆ ಒಂದಿಷ್ಟು ಬಲ ಸಿಗುತ್ತದೆ. ಒಂದೊಂದೇ ಗೇರ್ ಇಳಿಸಿ. ಹ್ಯಾಂಡ್ ಬ್ರೇಕನ್ನು ಗುಂಡಿ ಒತ್ತಿ ಹಿಡಿದುಕೊಂಡೇ ಸ್ವಲ್ಪಸ್ವಲ್ಪ ಎಳೆಯಿರಿ, ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ಕಟ್ಟಿ ಗಾಡಿ ಅಡ್ಡ ತಿರುಗುತ್ತದೆ. ಏನೂ ಆಗದಿದ್ದರೆ ಬೆಟ್ಟದ ಬದಿಯ ಧರೆಗೆ ಉಜ್ಜಿಸಿ ನಿಲ್ಲಿಸುವುದೇ ದಾರಿ. ಬಂಪರು ಹೋದರೆ ಹೋಗಲಿ.

ಇನ್ನು ಮೈಯ ವಿಚಾರ. ಘಾಟಿಯಲ್ಲಿ ವಾಂತಿ ಬಂದರೆ ನಿಂಬೆಹಣ್ಣು ಮೂಸಿ, ಕಿಟಕಿ ತೆಗೆದು ಕೂರುವುದು ನಮ್ಮ ಪದ್ಧತಿ. ಅಲ್ಲಿ ಬರುವ ವಾಂತಿ ಬೇರೆ ಇರಬಹುದು. ತಿರುವಿನ ವಾಂತಿಯಾದರೆ ಗಾಡಿ ನಿಲ್ಲಿಸಿ ಹೊರಗೆ ಹತ್ತು ಹದಿನೈದು ನಿಮಿಷ ನಿಂತರೆ ಹಗುರಾಗುತ್ತದೆ. ಎತ್ತರದ ಕಾಯಿಲೆಯಾದರೆ ನಿಂತರೂ ಹೋಗುವುದಿಲ್ಲ. ತಲೆನೋವು, ವಾಕರಿಕೆ, ತಲೆಸುತ್ತು, ಸುಸ್ತು ಎಲ್ಲ ಜತೆಗಿರುತ್ತವೆ. ಸಮುದ್ರ ಮಟ್ಟದಿಂದ ಎರಡು ಗಂಟೆಯಲ್ಲಿ 4,200 ಮೀಟರ್‌ಗೆ ಬಂದ ದೇಹಕ್ಕೆ ಹೊಂದಿಕೊಳ್ಳಲು ಸಮಯವೇ ಸಿಕ್ಕಿರುವುದಿಲ್ಲ. ರಕ್ತದ ಆಮ್ಲಜನಕ ಅಳೆಯುವ ಬೆರಳಿನ ಯಂತ್ರದಲ್ಲಿ ಶೇಕಡಾ 80–85 ಕಂಡರೆ ಆ ಎತ್ತರಕ್ಕೆ ಅದು ಅಪರೂಪವಲ್ಲ. ನಮ್ಮ ಊರಲ್ಲಿ ಅದೇ ಅಂಕಿಗೆ ಆಸ್ಪತ್ರೆಗೆ ಓಡುತ್ತೇವೆ.

ಅದಕ್ಕೇ 2,800 ಮೀಟರಿನ ಮಾಹಿತಿ ಕೇಂದ್ರದಲ್ಲಿ ಕನಿಷ್ಠ ಅರ್ಧ ಗಂಟೆ ನಿಲ್ಲಬೇಕು ಎನ್ನುತ್ತಾರೆ. ನನ್ನ ಮಾತು ಕೇಳುವುದಾದರೆ ಒಂದು ಗಂಟೆ ನಿಲ್ಲಿ. ಹಿಂದಿನ ರಾತ್ರಿ ಮದ್ಯ ಬೇಡ, ಹೊಟ್ಟೆ ಬಿರಿಯುವ ಊಟ ಬೇಡ, ನೀರು ಗುಟುಕು ಗುಟುಕಾಗಿ ಕುಡಿಯುತ್ತಿರಿ. ಅಸಿಟಜೋಲಮೈಡ್ ಮಾತ್ರೆ, ಸಾಮಾನ್ಯವಾಗಿ 125 ಮಿ.ಗ್ರಾಂ ದಿನಕ್ಕೆರಡು ಸಲ, ಹಿಂದಿನ ದಿನದಿಂದ ಶುರುಮಾಡುವುದುಂಟು. ಸಲ್ಫಾ ಔಷಧ ಆಗದವರಿಗೆ ಅದು ಅಪಾಯ ಆಗಬಹುದು, ವೈದ್ಯರನ್ನು ಕೇಳದೆ ಬೇಡ. ಹೃದಯ, ಶ್ವಾಸಕೋಶದ ತೊಂದರೆ ಇರುವವರು, ಬಸುರಿಯರು, ಚಿಕ್ಕ ಮಕ್ಕಳು ಮಾಹಿತಿ ಕೇಂದ್ರ ದಾಟಬಾರದು. ಮಗಳ ಬಾಣಂತನಕ್ಕೋ ಮಗನ ಮನೆಗೋ ಬಂದ ಅರವತ್ತು ದಾಟಿದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಇದನ್ನು ಎರಡು ಸಲ ಓದಿ. ಬಿಪಿ ಮಾತ್ರೆ ತಗೊಳ್ತಾರೆ, ಆರಾಮಾಗಿದ್ದಾರೆ ಅನ್ನುವುದು ಸಾಕಾಗುವುದಿಲ್ಲ. ಸ್ಕೂಬಾ ಡೈವಿಂಗ್ ಮಾಡಿದವರು 24 ಗಂಟೆ ಕಳೆಯದೆ ಹತ್ತಬಾರದು. ರಕ್ತದಲ್ಲಿ ಕರಗಿದ ಸಾರಜನಕ ಒತ್ತಡ ಇಳಿದಾಗ ಗುಳ್ಳೆಯಾಗುತ್ತದೆ, ಸೋಡಾ ಬಾಟಲಿ ತೆಗೆದ ಹಾಗೆ.

ಎಲ್ಲಕ್ಕಿಂತ ಹೆಚ್ಚು ನೋಡಬೇಕಾದದ್ದು ಚಾಲಕನನ್ನು. ಮಾತು ತೊದಲುವುದು, ಕೇಳಿದ್ದಕ್ಕೆ ತಡವಾಗಿ ಉತ್ತರಿಸುವುದು, ಗೇರ್ ಯಾವುದರಲ್ಲಿದೆ ಎಂಬುದೇ ಮರೆಯುವುದು. ಅನುಮಾನ ಬಂದರೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೇರ ಗೆರೆಯ ಮೇಲೆ ಹತ್ತು ಹೆಜ್ಜೆ ನಡೆಸಿ ನೋಡಿ. ತೂರಾಡಿದರೆ ಸ್ಟೀರಿಂಗ್ ಬಿಟ್ಟುಕೊಡಬೇಕು, ಎಲ್ಲರೂ ಕೂಡಲೇ ಕೆಳಗಿಳಿಯಬೇಕು. ಕೂತಲ್ಲೇ ಉಸಿರು ಕಟ್ಟುವುದು, ಕೆಮ್ಮು ಬಂದರೂ ಅದೇ. ಗಾಡಿ ಓಡಿಸಬಲ್ಲ ಎರಡನೆಯವರು ಜತೆಗಿಲ್ಲದೆ ಹೋಗುವುದು ಸರಿಯಲ್ಲ. ತುದಿಯಲ್ಲಿ ಅರ್ಧ ಮುಕ್ಕಾಲು ಗಂಟೆ ಸಾಕು. ಓಡಾಡುವಾಗ ನಮ್ಮ ಅಜ್ಜಂದಿರು ಬೆಟ್ಟ ಹತ್ತುವ ನಡಿಗೆ ನಡೆಯಿರಿ.

ಚಳಿ ನಮ್ಮ ಮಾಗಿಯ ಚಳಿಯಲ್ಲ. ಸೊನ್ನೆಯ ಆಚೀಚೆ, ಮೇಲೆ ಗಾಳಿ. ಡಿಸೆಂಬರಿನಿಂದ ಮಾರ್ಚಿನವರೆಗೆ ಹಿಮ ಬಿದ್ದು ರಸ್ತೆ ಮುಚ್ಚುವುದುಂಟು, ಹೊರಡುವ ದಿನ ಬೆಳಿಗ್ಗೆ ರಸ್ತೆಯ ಸ್ಥಿತಿ ವಿಚಾರಿಸಿಕೊಂಡೇ ಹೊರಡಿ. ಬಿಸಿಲು ತಣ್ಣಗಿದ್ದರೂ ಚರ್ಮ ಸುಡುತ್ತದೆ. ಬಾಡಿಗೆ ಕರಾರನ್ನೂ ಓದಿಕೊಳ್ಳಿ. ಮಾಹಿತಿ ಕೇಂದ್ರದಿಂದ ಮೇಲೆ ಹೋದರೆ ವಿಮೆ ಇಲ್ಲ ಎಂದು ಬಹಳ ಕರಾರುಗಳಲ್ಲಿ ಬರೆದಿರುತ್ತದೆ, ಜೀಪು ಲೋ ಗೇರಿನದೇ ಆದರೂ.

ಸಾರ್ವಜನಿಕರಿಗೆ ರಸ್ತೆ ತೆರೆದಿರುವುದು ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ಅರ್ಧ ಗಂಟೆ ನಂತರದವರೆಗೆ. ಎಲ್ಲರೂ ಸೂರ್ಯಾಸ್ತಕ್ಕೇ ಹೋಗುತ್ತಾರೆ, ಹಾಗಾಗಿ ಎಲ್ಲರೂ ಒಟ್ಟಿಗೇ ಇಳಿಯುತ್ತಾರೆ. ಕತ್ತಲು, ದೂಳು, ಹಿಂದಿನವರ ಹೆಡ್‌ಲೈಟು, ಆಮ್ಲಜನಕ ಕಡಿಮೆಯಾದ ಕಣ್ಣು. ಮೊದಲ ಸಲ ಹೋಗುವವರು ಮಧ್ಯಾಹ್ನ ಹೋಗಿ ಬೆಳಕಿರುವಾಗಲೇ ಜಲ್ಲಿ ಇಳಿದು, ಮಾಹಿತಿ ಕೇಂದ್ರದ ಬಳಿಯ ದಿಬ್ಬದಿಂದ ಸೂರ್ಯಾಸ್ತ ನೋಡುವುದು ಹೆಚ್ಚು ಒಳ್ಳೆಯದು.

ಮೇಲೆ ಕಾಣುವ ಬಿಳಿ ಗುಮ್ಮಟಗಳಲ್ಲಿ ವೀಕ್ಷಣಾಲಯ ಕೆಕ್‌ನ ಎರಡು 10 ಮೀಟರ್ ದೂರದರ್ಶಕಗಳಿವೆ. ಅಲ್ಲೇ ಕಟ್ಟಲು ಉದ್ದೇಶಿಸಿದ 30 ಮೀಟರ್ ದೂರದರ್ಶಕದಲ್ಲಿ ಭಾರತವೂ ಪಾಲುದಾರ, ಭಾರತದ ಕೆಲಸ ನೋಡುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಆ ಬೆಟ್ಟವನ್ನು ಪವಿತ್ರ ಎಂದು ನಂಬುವ ಹವಾಯಿಯ ಮೂಲಜನರು 2015ರಲ್ಲೂ 2019ರಲ್ಲೂ ಇದೇ ರಸ್ತೆಯಲ್ಲಿ ಕೂತು ತಡೆದರು. ಹಿಮದ ದೇವತೆ ಪೋಲಿಅಹು ಅಲ್ಲಿರುತ್ತಾಳೆ ಎಂಬುದು ಅವರ ನಂಬಿಕೆ. ಮೂಲ ಮೂಕಾಂಬಿಕೆ, ಸರ್ವಜ್ಞ ಪೀಠ ಇರುವ ಬೆಟ್ಟ ಹತ್ತುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಸ್ತೆ ಮುಗಿಯುವ ಕಡೆಯಿಂದ ಎದುರಿಗೆ ಕಾಣುವ ಕೆಂಗಂದು ದಿಬ್ಬವೇ ನಿಜವಾದ ತುದಿ. ಅದರ ಮೇಲೆ ಕಾಲಿಡದೆ ಇಲ್ಲಿಂದಲೇ ನೋಡಿ ಕೈಮುಗಿಯಿರಿ.

ಬೆಟ್ಟ ಸಿಡಿಯುವ ಭಯ ಬೇಡ, ಮೌನಾ ಕೇಯಾ ಕೊನೆಗೆ ಉಗುಳಿದ್ದು ಸುಮಾರು 4,500 ವರ್ಷದ ಹಿಂದೆ. ಎದುರಿನ ಮೌನಾ ಲೋವಾ ಹಾಗಲ್ಲ. 2022ರ ನವೆಂಬರಿನಲ್ಲಿ ಅದರ ಲಾವಾ ಹರಿದು ಅಲ್ಲಿನ ಹವಾಮಾನ ವೀಕ್ಷಣಾಲಯದ ರಸ್ತೆ ಕಡಿದುಹಾಕಿತು, ಸ್ಯಾಡಲ್ ರೋಡಿಗೆ ಮೂರು ಕಿ.ಮೀ.ಗಿಂತ ಹತ್ತಿರ ಬಂದು ನಿಂತಿತು.

ಇಳಿದು ಮಾಹಿತಿ ಕೇಂದ್ರಕ್ಕೆ ಬಂದಾಗ ಕೆಲಸ ಮುಗಿಯಿತೆಂದು ಡಿ-ಗೆ ಹಾಕಿಕೊಂಡು ಹೊರಟುಬಿಡುವವರಿದ್ದಾರೆ. ಮುಂದಿನ 10 ಕಿ.ಮೀ. ಟಾರು, ಆದರೆ 800 ಮೀಟರ್ ಇಳಿತ. ಕಾದ ಬ್ರೇಕಿನ ಮೇಲೆ ವೇಗವೂ ಸೇರುವುದು ಅಲ್ಲೇ. ಇಪ್ಪತ್ತು ನಿಮಿಷ ನಿಲ್ಲಿಸಿ, ಲೋ ತೆಗೆದು ಟೂ ವೀಲ್ ಮಾಡಿ, ಎರಡನೇ ಗೇರಿನಲ್ಲಿ ಇಳಿಯಿರಿ. ನಿಲ್ಲಿಸುವಾಗ ಕಾದ ಬ್ರೇಕಿಗೆ ಹ್ಯಾಂಡ್ ಬ್ರೇಕ್ ಬಿಗಿದರೆ ಪ್ಯಾಡ್ ಒತ್ತಿದ ಜಾಗ ಮಾತ್ರ ಬೇರೆ ಥರ ತಣಿದು ಆಮೇಲೆ ಪೆಡಲ್ ಅದುರುತ್ತದೆ. ಸಮತಟ್ಟು ನೋಡಿ ಪಾರ್ಕ್‌ನಲ್ಲೋ ಗೇರಿನಲ್ಲೋ ನಿಲ್ಲಿಸಿ. ನಮ್ಮ ಜೀಪಿನವರ ಹಾಗೆ ಚಕ್ರಕ್ಕೆ ಕಲ್ಲು ಕೊಡಲು ಹೋಗಬೇಡಿ, ಆ ಬೆಟ್ಟದ ಕಲ್ಲು ಎತ್ತುವುದನ್ನು ಅಲ್ಲಿಯವರು ಒಪ್ಪುವುದಿಲ್ಲ. ಚಕ್ರಕ್ಕೆ ಕೊಡುವ ಮರದ ತುಂಡು ಒಂದು ಜತೆ ಡಿಕ್ಕಿಯಲ್ಲಿದ್ದರೆ ಸಾಕು.